ಫೋನಿನೊಳಗಿನ ಎರಡನೇ ಕಂಪ್ಯೂಟರು

ಗೂಗಲ್‌ನ ನೆಕ್ಸಸ್ 5 ಫೋನು 2013ರ ನವೆಂಬರಿನಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 28,999 ರೂಪಾಯಿ. ಅದಕ್ಕೆ ಸಿಕ್ಕಿದ ಕೊನೆಯ ಸುರಕ್ಷತಾ ಅಪ್‌ಡೇಟ್ 2016ರ ಅಕ್ಟೋಬರಿನದು. ಮೂರೇ ವರ್ಷಕ್ಕೆ ಕಂಪನಿ ಕೈತೊಳೆದುಕೊಂಡಿತು. ಫೋನು ಮಾತ್ರ ಕೆಡಲಿಲ್ಲ. ಹೊಸ ಬ್ಯಾಟರಿ ಹಾಕಿದರೆ ಇವತ್ತಿಗೂ ಓಡುವ ಅಂಥ ಫೋನುಗಳು ಎಷ್ಟೋ ಮನೆಗಳ ಮೇಜಿನ ಖಾನೆಗಳಲ್ಲಿ ಬಿದ್ದಿವೆ. ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯ ನಮ್ಮ ತೋಟದ ಮನೆಯಲ್ಲೂ ಒಂದಿದೆ. ಅದರಲ್ಲಿ ಸಿಮ್ ಇಲ್ಲ, ವಾಟ್ಸ್‌ಆ್ಯಪ್ ಇಲ್ಲ, ಬ್ಯಾಂಕಿನ ಆ್ಯಪ್ ಅಂತೂ ಇಲ್ಲವೇ ಇಲ್ಲ. ಅದಕ್ಕಿರುವುದು ಒಂದೇ ಕೆಲಸ. ಸುತ್ತ ಓಡಾಡುವ ವೈ-ಫೈ ಸಂಕೇತಗಳನ್ನು ಆಲಿಸಿ, ನಮ್ಮ ಮನೆಯ ಇಂಟರ್‌ನೆಟ್ ಎಲ್ಲಿ ಮುಗ್ಗರಿಸುತ್ತಿದೆ ಎಂದು ತೋರಿಸುವುದು. ಅಂಗಡಿಯಿಂದ ತಂದ ಹಾಗೇ ಇರುವ ನೆಕ್ಸಸ್ 5 ಈ ಕೆಲಸ ಮಾಡುವುದಿಲ್ಲ. ಇದು ಮಾಡುತ್ತದೆ, ಯಾಕೆಂದರೆ ಇದರ ವೈ-ಫೈ ಚಿಪ್ಪಿನೊಳಗೆ ಓಡುವ ತಂತ್ರಾಂಶವನ್ನೇ ಬದಲಿಸಿದ್ದೇವೆ.

ಕೊಡಗಿನಲ್ಲಿ ನಾಲ್ಕು ಜನ ಸೇರಿದರೆ ಮಳೆ, ಆನೆ, ಕಾಫಿ ರೇಟು ಆದ ಮೇಲೆ ಬರುವ ಮಾತು ನೆಟ್‌ವರ್ಕಿನದೇ. ಮಡಿಕೇರಿ–ಕುಶಾಲನಗರ ಹೆದ್ದಾರಿಯ ಮೇಲಿರುವ ಸುಂಟಿಕೊಪ್ಪ ಪೇಟೆಯಲ್ಲಿ ನಿಂತವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಅಲ್ಲಿ ಸಿಗ್ನಲ್ ಚೆನ್ನಾಗಿಯೇ ಇದೆ. ಪೇಟೆ ಬಿಟ್ಟು ಒಂದು ಇಳಿಜಾರು ಇಳಿದು ತೋಟದೊಳಗೆ ಹೊಕ್ಕರೆ ಕಥೆ ಬೇರೆ. 2018ರ ಆಗಸ್ಟಿನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಕಡೆಗಳಲ್ಲಿ ಗುಡ್ಡ ಕುಸಿದಾಗ ರಸ್ತೆ ಮತ್ತು ಕರೆಂಟಿನ ಜತೆ ಫೋನೂ ಹೋಗಿತ್ತು. ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಜನ ಒದ್ದಾಡಿದ್ದನ್ನು ಈ ಭಾಗದವರು ಮರೆತಿಲ್ಲ. ಕೋವಿಡ್ ಕಾಲದಲ್ಲಿ ಮಕ್ಕಳು ಪುಸ್ತಕ ಹಿಡಿದು ಗುಡ್ಡ ಹತ್ತಿದರು. ಶನಿವಾರಸಂತೆ ಕಡೆಯ ಮುಳ್ಳೂರಿನ ಸರ್ಕಾರಿ ಶಾಲೆಯ ಶಿಕ್ಷಕರೊಬ್ಬರು ಸಿಗ್ನಲ್ ಸಿಗುವ ಎತ್ತರಕ್ಕೆ ಮರದ ಮೇಲೆ ಅಟ್ಟಣಿಗೆ ಕಟ್ಟಿಕೊಂಡು ಅಲ್ಲಿಂದಲೇ ಪಾಠ ಮಾಡಿದರು.

ಈಗ ಕೇಬಲಿನವರು ಸಿಲ್ವರ್ ಓಕ್ ಮರದಿಂದ ಮರಕ್ಕೆ ಫೈಬರ್ ಎಳೆದು ತೋಟದ ಮನೆಗಳಿಗೂ ಇಂಟರ್‌ನೆಟ್ ತಂದಿದ್ದಾರೆ. ಮಳೆಗಾಲದಲ್ಲಿ ಕೊಂಬೆ ಬಿದ್ದರೆ ಹೋಗುತ್ತದೆ, ಮತ್ತೆ ಕಟ್ಟುತ್ತಾರೆ. ಹಾಗಾಗಿ ತೊಂದರೆ ಈಗ ಮನೆಯ ಹೊರಗಿನದಷ್ಟೇ ಅಲ್ಲ, ಒಳಗಿನದೂ ಹೌದು. ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ಸ್ಟೋರಿನ ತಗಡಿನ ಮಾಡು, ನೀರು ಹಿಡಿದ ಎಲೆಗಳು ಎಲ್ಲವೂ ವೈ-ಫೈ ತರಂಗಗಳನ್ನು ತಡೆಯುತ್ತವೆ. ಗೋಡೆ ಮರಗಳನ್ನು ದಾಟುವುದರಲ್ಲಿ 2.4 ಗಿಗಾಹರ್ಟ್ಸ್‌ ವಾಸಿ. 5 ಗಿಗಾಹರ್ಟ್ಸ್‌ ವೇಗ ಹೆಚ್ಚು ಕೊಟ್ಟರೂ ಅಂಗಳದಾಚೆಗೆ ತಲುಪುವುದು ಕಷ್ಟ. ಕಾಫಿ ಒಣಹಾಕುವ ಕಣಕ್ಕೆ ವೈ-ಫೈ ಬೇಕು. ಅಲ್ಲಿ ಕಳ್ಳರ ಕಾಟಕ್ಕೆ ಕ್ಯಾಮೆರಾ ಹಾಕಿರುತ್ತೇವೆ, ತೋಟದ ಲೆಕ್ಕ ಬರೆಯುವ ರೈಟರ್‌ ಆಳುಗಳ ಹಾಜರಿಯನ್ನು ಫೋನಿನಲ್ಲೇ ಬರೆದುಕೊಳ್ಳುತ್ತಾರೆ. ಕೊಯ್ಲಿನ ಹೊತ್ತಿಗೆ ಸರಿಯಾಗಿ ಎಲ್ಲವೂ ನಿಂತುಬಿಡುತ್ತಿತ್ತು. ಫೋನಿನ ಮೂಲೆಯಲ್ಲಿ ಮೂರು ಗೆರೆ ಕಾಣುತ್ತಿತ್ತು, ಒಂದು ಪುಟವೂ ತೆರೆಯುತ್ತಿರಲಿಲ್ಲ. ಯಾಕೆ ಎಂಬುದನ್ನು ಆ ಮೂರು ಗೆರೆ ಹೇಳುವುದಿಲ್ಲ.

ಹೇಳಬಲ್ಲದ್ದು ಚಿಪ್ಪು. ಆದರೆ ಅದನ್ನು ಹೇಳದ ಹಾಗೆ ಮಾಡಿಟ್ಟಿರುತ್ತಾರೆ.

ಫೋನಿನಲ್ಲಿ ಓಡುವುದು ಆಂಡ್ರಾಯ್ಡ್ ಒಂದೇ ಎಂದು ನಾವು ತಿಳಿದಿರುತ್ತೇವೆ. ವೈ-ಫೈ ಚಿಪ್ಪು ತಾನೇ ಒಂದು ಪುಟ್ಟ ಕಂಪ್ಯೂಟರು. ನೆಕ್ಸಸ್ 5ರಲ್ಲಿರುವುದು ಬ್ರಾಡ್‌ಕಾಮ್ ಕಂಪನಿಯ ಬಿಸಿಎಂ 4339 ಎಂಬ ಚಿಪ್ಪು. ಅದರೊಳಗೆ ಆರ್ಮ್ ಕಾರ್ಟೆಕ್ಸ್ ಆರ್4 ಎಂಬ ಸ್ವಂತ ಪ್ರೊಸೆಸರ್ ಇದೆ. ಕಾರ್ಖಾನೆಯಲ್ಲೇ ಬರೆದು ಮುಗಿಸಿದ, ಅಳಿಸಲಾಗದ 640 ಕಿಲೋಬೈಟ್ ಮೆಮೊರಿ ಇದೆ, ಕೆಲಸದ ಹೊತ್ತಿನಲ್ಲಿ ತುಂಬಿಕೊಳ್ಳುವ 768 ಕಿಲೋಬೈಟ್ ಮೆಮೊರಿ ಬೇರೆ ಇದೆ. ರೌಟರಿನ ಜತೆ ಕೈಕುಲುಕುವುದು, ತಲುಪದ ಸಂದೇಶವನ್ನು ಮತ್ತೆ ಕಳಿಸುವುದು, ನಿದ್ದೆಗೆ ಜಾರಿ ಏಳುವುದು ಇವೆಲ್ಲ ಅಲ್ಲೇ ನಡೆಯುತ್ತವೆ. ಆಂಡ್ರಾಯ್ಡ್‌ಗೆ ಸಿಗುವುದು ಸೋಸಿ ಕೊಟ್ಟ ಫಲಿತಾಂಶ ಮಾತ್ರ. ಆ ಪುಟ್ಟ ಕಂಪ್ಯೂಟರಿನ ತಂತ್ರಾಂಶಕ್ಕೇ ಫರ್ಮ್‌ವೇರ್ ಎನ್ನುವುದು. ಫೋನು ಕೊಂಡವರಿಗೆ ಅದು ಕಾಣುವುದಿಲ್ಲ, ಅದರ ಮೂಲ ಬರಹವನ್ನು ಕಂಪನಿ ಯಾರಿಗೂ ಕೊಡುವುದಿಲ್ಲ.

ಇದನ್ನು ಮೊದಲು ಪಳಗಿಸಿದವರಲ್ಲಿ ಒಮ್ರಿ ಇಲ್ಡಿಸ್, ಯುವಾಲ್ ಒಫಿರ್, ರೂಬಿ ಫೈನ್‌ಸ್ಟೈನ್ ಎಂಬ ಮೂವರ ಹೆಸರು ಹೇಳಬೇಕು. 2012ರಲ್ಲಿ ನೆಕ್ಸಸ್ ಒನ್ ಮತ್ತು ಗ್ಯಾಲಕ್ಸಿ ಎಸ್2 ಫೋನುಗಳ ಬ್ರಾಡ್‌ಕಾಮ್ ಚಿಪ್ಪುಗಳು ತಮಗೆ ಸಂಬಂಧಿಸದ ಸಂಕೇತಗಳನ್ನೂ ಆಲಿಸುವಂತೆ ಅವರು ಮಾಡಿದರು. ಬಿಸಿಮಾನ್ ಎಂದು ಅದರ ಹೆಸರು. ಕೆಲವು ವರ್ಷಗಳ ನಂತರ ಜರ್ಮನಿಯ ಡಾರ್ಮ್‌ಸ್ಟಾಟ್ ತಾಂತ್ರಿಕ ವಿಶ್ವವಿದ್ಯಾಲಯದ ಸೀಮೂ ಪ್ರಯೋಗಾಲಯದಲ್ಲಿ ಮಥಿಯಾಸ್ ಶುಲ್ಜ್, ಡೇನಿಯಲ್ ವೆಗೆಮರ್, ಪ್ರೊಫೆಸರ್ ಮಥಿಯಾಸ್ ಹೊಲಿಕ್ ಸೇರಿ ನೆಕ್ಸ್‌ಮಾನ್ ಎಂಬ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿದರು. ಕಂಪನಿಯ ಫರ್ಮ್‌ವೇರನ್ನು ಬಿಡಿಸಿ ನೋಡಿ, ಅದರ ಯಾವ ಭಾಗ ಏನು ಮಾಡುತ್ತದೆ ಎಂದು ಗುರುತಿಸಿ, ಸಿ ಭಾಷೆಯಲ್ಲಿ ಹೊಸ ತುಣುಕು ಬರೆದು ಅದರೊಳಗೆ ಸೇರಿಸುವ ಸಲಕರಣೆಯನ್ನೇ ತಯಾರು ಮಾಡಿದರು. ಅಳಿಸಲಾಗದ ಮೆಮೊರಿಯಲ್ಲಿ ತಪ್ಪು ಉಳಿದುಹೋದರೆ ತಿದ್ದಲೆಂದು ಬ್ರಾಡ್‌ಕಾಮ್ ಆ ಚಿಪ್ಪಿನಲ್ಲೇ ಒಂದು ಏರ್ಪಾಡು ಇಟ್ಟಿತ್ತು. ಒಮ್ಮೆಗೆ ಎಂಟೆಂಟು ಬೈಟ್‌ಗಳನ್ನು ಮುಚ್ಚಿ ಬೇರೆಯದನ್ನು ತೋರಿಸುವ ಏರ್ಪಾಡು ಅದು. ಸಂಶೋಧಕರು ಅದನ್ನೇ ಬಳಸಿಕೊಂಡರು. ಬಳಿಕ ಎಲ್ಲವನ್ನೂ ಮೂಲ ಬರಹದ ಸಮೇತ ಜಗತ್ತಿಗೆ ಕೊಟ್ಟುಬಿಟ್ಟರು. ನನ್ನಂಥವರ ಮೇಜಿಗೆ ಈ ವಿದ್ಯೆ ಬಂದದ್ದು ಅವರ ಈ ಔದಾರ್ಯದಿಂದ.

ಫರ್ಮ್‌ವೇರ್ ಬದಲಿಸಬೇಕಾದರೆ ಮೊದಲು ಫೋನನ್ನು ರೂಟ್ ಮಾಡಬೇಕು. ರೂಟ್ ಮಾಡುವುದೆಂದರೆ ಫೋನಿನ ಆಡಳಿತಾಧಿಕಾರವನ್ನು ಮಾಲೀಕನೇ ಪಡೆದುಕೊಳ್ಳುವುದು. ನೆಕ್ಸಸ್ 5ರಲ್ಲಿ ಅದು ಸಲೀಸು. ಪವರ್ ಬಟನ್ನನ್ನೂ ವಾಲ್ಯೂಮ್ ಕಡಿಮೆ ಮಾಡುವ ಬಟನ್ನನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಕಪ್ಪು ಪರದೆಯ ಮೇಲೆ ಅಂಗಾತ ಮಲಗಿದ ಹಸಿರು ಆಂಡ್ರಾಯ್ಡ್ ಗೊಂಬೆ ಕಾಣುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ಫೋನಿಗೆ ಬೀಗ ಹಾಕಿದೆಯೋ ಇಲ್ಲವೋ ಎಂದು ಬರೆದಿರುತ್ತದೆ. ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಸೇರಿಸಿ ಫಾಸ್ಟ್‌ಬೂಟ್ ಎಂಬ ಸಲಕರಣೆಯ ಮೂಲಕ ಬೀಗ ತೆಗೆಯಲು ಹೇಳಿದರೆ ಫೋನು ಮತ್ತೊಮ್ಮೆ ಕೇಳುತ್ತದೆ. ಒಪ್ಪಿದರೆ ಒಳಗಿನ ಫೋಟೊ, ನಂಬರು, ಮೆಸೇಜು ಎಲ್ಲವೂ ಅಳಿಸಿಹೋಗುತ್ತವೆ. ಹೀಗೆ ಅಳಿಸುವುದು ಒಳ್ಳೆಯದಕ್ಕೇ. ಕದ್ದ ಫೋನಿನ ಬೀಗ ತೆಗೆದವನಿಗೆ ನಿಮ್ಮ ಫೋಟೊ ಸಿಗಬಾರದಲ್ಲ. ಆಮೇಲೆ ಟಿಡಬ್ಲ್ಯೂಆರ್‌ಪಿ ಎಂಬ ರಿಕವರಿ ತಂತ್ರಾಂಶ ಹಾಕಬೇಕು, ಅದರ ಮೂಲಕ ಮ್ಯಾಜಿಸ್ಕ್. ಜಾನ್ ವು ಎಂಬ ಪ್ರೋಗ್ರಾಮರ್ 2016ರಲ್ಲಿ ಬರೆದ ಈ ತಂತ್ರಾಂಶ ಆಂಡ್ರಾಯ್ಡ್‌ನ ಮೂಲ ಕಡತಗಳನ್ನು ಮುಟ್ಟದೆಯೇ ರೂಟ್ ಅಧಿಕಾರ ಕೊಡುತ್ತದೆ.

ಇಲ್ಲಿಂದ ಮುಂದೆ ನಡೆಯುವುದು ಕೇಳಿದವರಿಗೆ ಸಪ್ಪೆ ಅನಿಸಬಹುದು. ವೈ-ಫೈ ಫರ್ಮ್‌ವೇರ್ ಅಳಿಸಲಾಗದ ಭಾಗವೊಂದನ್ನು ಬಿಟ್ಟರೆ ಚಿಪ್ಪಿನಲ್ಲಿ ಶಾಶ್ವತವಾಗಿ ಕೂತಿರುವುದಿಲ್ಲ. ಅದು ಫೋನಿನ ವೆಂಡರ್ ಎಂಬ ಭಾಗದಲ್ಲಿ ಒಂದು ಕಡತವಾಗಿ ಇರುತ್ತದೆ. ವೈ-ಫೈ ಆನ್ ಮಾಡಿದಾಗ ಆಂಡ್ರಾಯ್ಡ್ ಕಡೆಯ ಡ್ರೈವರ್ ಎಂಬ ತಂತ್ರಾಂಶ ಆ ಕಡತವನ್ನು ಎತ್ತಿ ಚಿಪ್ಪಿನ ಮೆಮೊರಿಗೆ ಸುರಿಯುತ್ತದೆ. ಹಾಗಾಗಿ ಬದಲಿಸಬೇಕಾದ್ದು ಒಂದು ಕಡತ. ಹಳೆಯದನ್ನು ಜೋಪಾನವಾಗಿ ಬೇರೆಡೆ ತೆಗೆದಿಟ್ಟು, ಹೊಸದನ್ನು ಅದೇ ಹೆಸರಿನಲ್ಲಿ ಅದೇ ಜಾಗಕ್ಕೆ ಹಾಕಿ, ಓದುವ ಅನುಮತಿ ಸರಿಯಿದೆಯೇ ನೋಡಿ, ವೈ-ಫೈ ಆಫ್ ಮಾಡಿ ಆನ್ ಮಾಡಿದರೆ ಮುಗಿಯಿತು. ಬೇಡವೆಂದರೆ ಹಳೆಯ ಕಡತವನ್ನು ವಾಪಸ್ ಇಟ್ಟರೆ ಚಿಪ್ಪು ಮೊದಲಿನಂತೆಯೇ ಆಗುತ್ತದೆ.

ಆದರೆ ಒಂದು ಕಟ್ಟುನಿಟ್ಟು ಇದೆ. ನೆಕ್ಸ್‌ಮಾನ್‌ನ ಪ್ರತಿಯೊಂದು ತಿದ್ದುಪಡಿಯೂ ಇಂಥದೇ ಚಿಪ್ಪಿನ ಇಂಥದೇ ಆವೃತ್ತಿಯ ಫರ್ಮ್‌ವೇರಿಗೆ ಅಳತೆ ಮಾಡಿ ಹೊಲಿದದ್ದು. ನೆಕ್ಸಸ್ 5ಕ್ಕೆ ಬೇಕಾದ್ದು ಆಂಡ್ರಾಯ್ಡ್ 6ರ ಜತೆ ಬಂದ 6.37.34.43 ಎಂಬ ಆವೃತ್ತಿ. ಬೇರೆ ಆವೃತ್ತಿಗೆ ಹೊಂದಿಸಲು ಹೋದರೆ ತಿದ್ದುಪಡಿ ತಪ್ಪು ವಿಳಾಸದಲ್ಲಿ ಕೂರುತ್ತದೆ, ವೈ-ಫೈ ಆನ್ ಆಗುವುದೇ ಇಲ್ಲ. ಸರಿಯಾಗಿ ಕೂತರೆ ಆಂಡ್ರಾಯ್ಡ್‌ನ ತಿರುಳಾದ ಕರ್ನಲ್‌ನ ದಿನಚರಿಯಲ್ಲಿ ಫರ್ಮ್‌ವೇರ್ ಆವೃತ್ತಿಯ ಸಾಲಿನೊಳಗೆ ನೆಕ್ಸ್‌ಮಾನ್ ಎಂಬ ಹೆಸರು ಕಾಣುತ್ತದೆ. ಆಮೇಲೆ ನೆಕ್ಸ್‌ಯುಟಿಲ್ ಎಂಬ ಪುಟ್ಟ ಸಲಕರಣೆಗೆ ಹೇಳಿ ಚಿಪ್ಪನ್ನು ಮಾನಿಟರ್ ಮೋಡ್‌ಗೆ ಹಾಕಬಹುದು. ಆಗ ಅದು ಯಾವ ರೌಟರಿಗೂ ಅಂಟಿಕೊಳ್ಳದೆ, ತಾನು ಕೂತಿರುವ ಚಾನೆಲ್ಲಿನಲ್ಲಿ ಹಾದುಹೋಗುವ ಪ್ರತಿ ಫ್ರೇಮನ್ನೂ, ಅಂದರೆ ಸಂದೇಶದ ಪ್ರತಿ ಕಟ್ಟನ್ನೂ, ಅದು ಎಷ್ಟು ಬಲವಾಗಿ ಯಾವ ವೇಗದಲ್ಲಿ ಬಂತೆಂಬ ವಿವರದೊಂದಿಗೆ ಮೇಲಕ್ಕೆ ಕಳಿಸುತ್ತದೆ.

ಮೊದಲು ಕಾಣುವುದು ರೌಟರಿನ ಕೂಗು. ‘ನಾನಿದ್ದೇನೆ, ನನ್ನ ಹೆಸರು ಇದು’ ಎಂದು ಪ್ರತಿ ರೌಟರೂ ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಲೇ ಇರುತ್ತದೆ, ಇದಕ್ಕೆ ಬೀಕನ್ ಎನ್ನುತ್ತಾರೆ. ನಡುಮನೆಯಲ್ಲಿ ಆ ಬೀಕನ್ ಮೈನಸ್ 40 ಡಿಬಿಎಂ ಆಸುಪಾಸಿನ ಬಲದಲ್ಲಿ ಬರುತ್ತದೆ. ಕಣದ ತುದಿಯಲ್ಲಿ ನಿಂತರೆ ಮೈನಸ್ 80ರ ಕೆಳಗೆ ಇಳಿಯುತ್ತದೆ. ಇದು ನಿರೀಕ್ಷಿಸಿದ್ದೇ. ಕಣ್ಣು ತೆರೆಸಿದ್ದು ಬೇರೊಂದು. ಒಂದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸಿದಾಗ ಫ್ರೇಮಿನ ತಲೆಯ ಮೇಲೆ ರಿಟ್ರೈ ಎಂಬ ಒಂದು ಬಿಟ್ ಏರುತ್ತದೆ. ಕಣದ ಕಡೆಯಿಂದ ಬರುತ್ತಿದ್ದ ಫ್ರೇಮುಗಳಲ್ಲಿ ಬಹುಪಾಲಿಗೆ ಈ ಗುರುತು ಇತ್ತು. ಬರುತ್ತಿದ್ದದ್ದು ಒಂದೇ ಸಾಧನದಿಂದ, ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ. ಅದು ಕಳ್ಳರಿಗಾಗಿ ಹಾಕಿದ್ದ ಕ್ಯಾಮೆರಾ.

ವೈ-ಫೈನಲ್ಲಿ ಒಂದು ಚಾನೆಲ್ಲಿನ ಮೇಲೆ ಒಮ್ಮೆಗೆ ಒಬ್ಬರೇ ಮಾತಾಡಬೇಕು. ದೂರದಲ್ಲಿರುವ ಸಾಧನ ಸಿಗ್ನಲ್ ಸಾಲದೆ ತನ್ನ ವೇಗ ಇಳಿಸಿಕೊಂಡರೆ ಅದೇ ಮಾತನ್ನು ಮುಗಿಸಲು ಅದಕ್ಕೆ ಹತ್ತಾರು ಪಟ್ಟು ಹೆಚ್ಚು ಹೊತ್ತು ಬೇಕು. ಅಷ್ಟೂ ಹೊತ್ತು ಉಳಿದವರು ಕಾಯುತ್ತಾರೆ. ಮರದ ದಿಮ್ಮಿ ಹೇರಿದ ಲಾರಿ ಮಾದಾಪುರದ ತಿರುವುಗಳಲ್ಲಿ ಏರು ಹತ್ತುವಾಗ ಹಿಂದಿನ ಕಾರು ಜೀಪುಗಳೆಲ್ಲ ಅದರದೇ ವೇಗಕ್ಕೆ ಇಳಿಯುವ ಹಾಗೆ. ರೌಟರ್ ಪಕ್ಕದಲ್ಲೇ ಕೂತು ವಿಡಿಯೊ ನೋಡುವವರ ನೆಟ್ ಕೂಡ ಆ ಕ್ಯಾಮೆರಾದಿಂದಲೇ ತೊಡರುತ್ತಿತ್ತು. ರೌಟರಿನ ತಪ್ಪೂ ಇರಲಿಲ್ಲ, ಕೇಬಲಿನವರ ತಪ್ಪೂ ಇರಲಿಲ್ಲ. ಕ್ಯಾಮೆರಾಕ್ಕೆ ತಂತಿ ಎಳೆದು, ಸ್ಟೋರಿನ ಗೋಡೆಗೆ ಇನ್ನೊಂದು ಸಣ್ಣ ರೌಟರನ್ನು ಬೇರೆ ಚಾನೆಲ್ಲಿನಲ್ಲಿ ಕೂರಿಸಿದ ಮೇಲೆ ರೈಟರ್‌ ಮತ್ತೆ ದೂರು ಹೇಳಿಲ್ಲ. ಖರ್ಚಾದದ್ದು ತಂತಿಗೆ ಮತ್ತು ಸಣ್ಣ ರೌಟರಿಗೆ. ಇಂಟರ್‌ನೆಟ್ ಸರಿಯಿಲ್ಲವೆಂದು ಹೆಚ್ಚು ದುಡ್ಡಿನ ಪ್ಲಾನ್ ಹಾಕಿಸಿಕೊಳ್ಳುವವರು ನಮ್ಮಲ್ಲಿ ತುಂಬಾ ಜನ. ಅವರಲ್ಲಿ ಎಷ್ಟೋ ಮಂದಿಯ ತೊಂದರೆ ಪ್ಲಾನಿನದಲ್ಲ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ.

ಪೇಟೆಯ ತೊಂದರೆಯೇ ಬೇರೆ. ಸುಂಟಿಕೊಪ್ಪದ ಮುಖ್ಯರಸ್ತೆಯ ಅಂಗಡಿ ಸಾಲಿನ ಮೇಲೆ ನಮ್ಮ ಚಿಕ್ಕಮ್ಮನ ಮನೆ. ಅಲ್ಲಿ ಸಿಗ್ನಲಿಗೇನೂ ಕಮ್ಮಿಯಿಲ್ಲ, ಆದರೆ ಹೆಚ್ಚಿನ ರೌಟರುಗಳೆಲ್ಲ 6ನೇ ಚಾನೆಲ್ಲಿನಲ್ಲೇ ಕೂತಿದ್ದವು. 2.4 ಗಿಗಾಹರ್ಟ್ಸ್‌ನಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದಿರುವುದು 1, 6, 11 ಮಾತ್ರ. ಚಿಕ್ಕಮ್ಮನ ರೌಟರನ್ನು 11ಕ್ಕೆ ಸರಿಸಿದ್ದಕ್ಕೆ ಕಾಸೂ ಖರ್ಚಾಗಲಿಲ್ಲ. ಇಷ್ಟಕ್ಕೆ ಫರ್ಮ್‌ವೇರ್ ಬದಲಿಸುವ ಅಗತ್ಯವೂ ಇಲ್ಲ, ಪ್ಲೇಸ್ಟೋರಿನ ಸಾಧಾರಣ ವೈ-ಫೈ ಅನಲೈಸರ್ ಆ್ಯಪ್ ಸಾಕು. ಓದುಗರು ಇವತ್ತೇ ಮಾಡಿ ನೋಡಬಹುದು.

ಇನ್ನೊಂದು ಸಂಗತಿ ಸ್ವಲ್ಪ ಗಾಬರಿ ಹುಟ್ಟಿಸುವಂಥದ್ದು. ಮನೆಯಲ್ಲಿದ್ದ ಒಂದು ಹಳೆಯ ಫೋನು ತಾನು ಹಿಂದೆ ಸೇರಿಕೊಂಡಿದ್ದ ವೈ-ಫೈಗಳನ್ನು ಹೆಸರು ಹಿಡಿದು ಕರೆಯುತ್ತಿತ್ತು. ಮಗಳು ಓದುತ್ತಿದ್ದ ಮೈಸೂರಿನ ಹಾಸ್ಟೆಲು, ಯಾವುದೋ ಲಾಡ್ಜು, ನೆಂಟರ ಮನೆ. ಪಕ್ಕದಲ್ಲಿ ಕೇಳಿಸಿಕೊಳ್ಳುವವರಿದ್ದರೆ ಆ ಫೋನಿನವರು ಎಲ್ಲೆಲ್ಲಿಗೆ ಹೋಗಿಬಂದಿದ್ದಾರೆಂದು ತಿಳಿಯುತ್ತದೆ. ಹೊಸ ಫೋನುಗಳಲ್ಲಿ ಇದು ಬಹುಮಟ್ಟಿಗೆ ನಿಂತಿದೆ. ಆ್ಯಪಲ್ 2014ರ ಐಒಎಸ್ 8ರಿಂದ ನೆಟ್‌ವರ್ಕ್ ಹುಡುಕುವಾಗ ಫೋನಿನ ಗುರುತು ಸಿಗದಂತೆ ಸುಳ್ಳು ವಿಳಾಸವನ್ನೂ ಬಳಸತೊಡಗಿತು. ಆಂಡ್ರಾಯ್ಡ್ 10ರಿಂದ ನೆಟ್‌ವರ್ಕ್‌ಗೆ ಸೇರುವಾಗಲೂ ಸಾಧನದ ನಿಜವಾದ ವಿಳಾಸದ ಬದಲು ಬೇರೊಂದು ವಿಳಾಸ ಕೊಡುವುದು ರೂಢಿಯಾಯಿತು. ಬಳಸದ ಹಳೆಯ ವೈ-ಫೈ ಹೆಸರುಗಳನ್ನು ಫೋನಿನಿಂದ ಅಳಿಸಿಬಿಡುವುದು ಎಲ್ಲರೂ ಮಾಡಬಹುದಾದ ಕೆಲಸ.

ಇಂಥ ಶಕ್ತಿ ಕೈಗೆ ಬಂದಾಗ ಎಲ್ಲಿ ನಿಲ್ಲಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳದಿದ್ದರೆ ಈ ಲೇಖನ ಬರೆದದ್ದೇ ತಪ್ಪಾದೀತು. ನಮ್ಮ ರೌಟರು, ನಮ್ಮ ಸಾಧನ, ನಮ್ಮ ಮನೆಯವರ ಒಪ್ಪಿಗೆ, ಇಷ್ಟರೊಳಗೇ ಇರಬೇಕು. ಅನುಮತಿಯಿಲ್ಲದೆ ಇನ್ನೊಬ್ಬರ ನೆಟ್‌ವರ್ಕ್‌ಗೆ ನುಗ್ಗುವುದು, ಅವರ ಮಾಹಿತಿ ಎತ್ತಿಕೊಳ್ಳುವುದು, ಅವರ ಸಂಪರ್ಕ ಕಡಿಯುವುದು 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಂಗಳ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಡಾರ್ಮ್‌ಸ್ಟಾಟ್‌ನ ಇದೇ ಪ್ರಯೋಗಾಲಯ ಇದೇ ಫೋನನ್ನು ವೈ-ಫೈ ಜಾಮರ್ ಮಾಡಬಹುದೆಂದು 2017ರಲ್ಲಿ ತೋರಿಸಿಕೊಟ್ಟಿತು. ಅದು ಸಂಶೋಧನೆಯ ಮಾತು. ನಮ್ಮ ದೇಶದಲ್ಲಿ ಖಾಸಗಿಯವರು ಜಾಮರ್ ಬಳಸುವಂತೆಯೇ ಇಲ್ಲ. 2.4 ಗಿಗಾಹರ್ಟ್ಸ್‌ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸ್‌ನ ಬಹುಭಾಗವನ್ನು 2018ರಲ್ಲಿ ಸರ್ಕಾರ ಲೈಸೆನ್ಸಿನಿಂದ ಮುಕ್ತಗೊಳಿಸಿದ್ದು ಶಕ್ತಿಯ ಮಿತಿ ಹಾಕಿಯೇ. ಆ ಮಿತಿ ದಾಟಿಸಲು ಫರ್ಮ್‌ವೇರ್ ತಿದ್ದುವುದು ಎಲ್ಲರಿಗೂ ಸೇರಿದ ಅಲೆಪಟ್ಟಿಯನ್ನು ಒಬ್ಬರೇ ಕಬಳಿಸಿದಂತೆ.

ದಿನಬಳಕೆಯ ಫೋನಿನಲ್ಲಿ ಇದಕ್ಕೆ ಕೈಹಾಕಲೇಬೇಡಿ. ರೂಟ್ ಆದ ಫೋನಿನಲ್ಲಿ ಎಷ್ಟೋ ಬ್ಯಾಂಕಿನ ಆ್ಯಪ್‌ಗಳು ತೆರೆಯುವುದಿಲ್ಲ. ಸ್ಯಾಮ್‌ಸಂಗ್ ಫೋನುಗಳಲ್ಲಿ ಬೀಗ ತೆಗೆದು ಬೇರೆ ತಂತ್ರಾಂಶ ಹಾಕಿದರೆ ನಾಕ್ಸ್ ಎಂಬ ಗುರುತು ಶಾಶ್ವತವಾಗಿ ಮುರಿಯುತ್ತದೆ, ಮತ್ತೆ ಕೂಡುವುದಿಲ್ಲ. ಇನ್ನು, ಬ್ರಾಡ್‌ಕಾಮ್ ಚಿಪ್ಪಿಲ್ಲದ ಫೋನಿಗೆ ನೆಕ್ಸ್‌ಮಾನ್‌ನಿಂದ ಪ್ರಯೋಜನವಿಲ್ಲ. ನಮ್ಮೂರಲ್ಲಿ ಹೆಚ್ಚು ಮಾರಾಟವಾಗುವ ಫೋನುಗಳಲ್ಲಿರುವುದು ಕ್ವಾಲ್ಕಾಮ್ ಅಥವಾ ಮೀಡಿಯಾಟೆಕ್. ಮೂಲ ಬರಹ ತೋರಿಸದೆ ‘ರೆಡಿಮೇಡ್’ ಫರ್ಮ್‌ವೇರ್ ಕೊಡುವವರನ್ನಂತೂ ನಂಬಬಾರದು. ಆ ಪುಟ್ಟ ಕಂಪ್ಯೂಟರಿನೊಳಗೆ ಏನು ಓಡುತ್ತಿದೆ ಎಂದು ಆಂಡ್ರಾಯ್ಡ್‌ಗೂ ತಿಳಿಯುವುದಿಲ್ಲ, ಆ್ಯಂಟಿವೈರಸ್‌ಗೂ ತಿಳಿಯುವುದಿಲ್ಲ.

ಹಾಗೆ ತಿಳಿಯದಿರುವುದೇ ದೊಡ್ಡ ಅಪಾಯ ಎಂಬುದು 2017ರಲ್ಲಿ ಸಾಬೀತಾಯಿತು. ಆ ಏಪ್ರಿಲ್‌ನಲ್ಲಿ ಗೂಗಲ್‌ನದೇ ಪ್ರಾಜೆಕ್ಟ್ ಝೀರೋ ತಂಡದ ಗಾಲ್ ಬೆನಿಯಾಮಿನಿ, ಬ್ರಾಡ್‌ಕಾಮ್ ವೈ-ಫೈ ಚಿಪ್ಪನ್ನು ಬರೀ ಗಾಳಿಯ ಮೂಲಕ ವಶಪಡಿಸಿಕೊಳ್ಳಬಹುದೆಂದು ತೋರಿಸಿದರು. ಫೋನಿನವರು ಯಾವ ಲಿಂಕನ್ನೂ ಒತ್ತಬೇಕಿಲ್ಲ. ಕಂಪ್ಯೂಟರುಗಳಲ್ಲಿ ಎಷ್ಟೋ ವರ್ಷದಿಂದ ಇರುವ ರಕ್ಷಣೆಗಳು ಆ ಚಿಪ್ಪಿನಲ್ಲಿ ಇರಲೇ ಇಲ್ಲ, ಅದರ ಮೆಮೊರಿಯಲ್ಲಿ ಎಲ್ಲಿ ಬೇಕಾದರೂ ಬರೆಯಬಹುದು, ಬರೆದದ್ದನ್ನು ಓಡಿಸಬಹುದು. ಜುಲೈನಲ್ಲಿ ಸುರಕ್ಷತಾ ಸಂಶೋಧಕ ನಿತಾಯ್ ಆರ್ಟೆನ್‌ಸ್ಟೈನ್ ಬ್ರಾಡ್‌ಪೋನ್ ಎಂಬ ಇನ್ನೊಂದು ದೋಷವನ್ನು ಬಯಲು ಮಾಡಿದರು. ಆ್ಯಪಲ್ ಐಒಎಸ್ 10.3.3ರಲ್ಲಿ, ಗೂಗಲ್ ಅದೇ ತಿಂಗಳ ಅಪ್‌ಡೇಟಿನಲ್ಲಿ ಅದನ್ನು ಮುಚ್ಚಿದವು. 2020ರ ಫೆಬ್ರುವರಿಯಲ್ಲಿ ಇಸೆಟ್ ಕಂಪನಿಯ ಸಂಶೋಧಕರು ಕ್ರೂಕ್ ಎಂಬ ಮೂರನೆಯದನ್ನು ಹೊರಗೆಳೆದರು. ಸಂಪರ್ಕ ಕಡಿದಾಗ ಚಿಪ್ಪಿನಲ್ಲಿ ಉಳಿದಿದ್ದ ಸಂದೇಶಗಳು ಬರೀ ಸೊನ್ನೆಗಳ ಬೀಗದ ಕೈಯಿಂದ ಗೂಢಗೊಂಡು ಹೊರಹೋಗುತ್ತಿದ್ದವು, ಹತ್ತಿರ ಇದ್ದವರು ಯಾರು ಬೇಕಾದರೂ ಬಿಚ್ಚಿ ಓದಬಹುದಿತ್ತು. ಅವರು ಪರೀಕ್ಷಿಸಿ ದೋಷ ಕಂಡ ಸಾಧನಗಳ ಪಟ್ಟಿಯಲ್ಲಿ ನೆಕ್ಸಸ್ 5 ಇತ್ತು. ನಮ್ಮ ದೇಶದಲ್ಲಿ 6,999 ರೂಪಾಯಿಗೆ ಬಂದಿದ್ದ ರೆಡ್‌ಮಿ 3ಎಸ್ ಕೂಡ ಇತ್ತು.

ನೆಕ್ಸಸ್ 5ಕ್ಕೆ ಕೊನೆಯ ಅಪ್‌ಡೇಟ್ ಬಂದದ್ದು 2016ರಲ್ಲಿ. ಈ ಮೂರು ದೋಷಗಳು ಬೆಳಕಿಗೆ ಬಂದದ್ದು ಅದರ ನಂತರ. ಅಂದರೆ 28,999 ರೂಪಾಯಿ ಕೊಟ್ಟವರ ಕೈಯಲ್ಲಿದ್ದ ಫೋನಿನ ಮಟ್ಟಿಗೆ ಆ ಬಾಗಿಲುಗಳನ್ನು ಗೂಗಲ್ ಮುಚ್ಚಲಿಲ್ಲ. ಮುಚ್ಚುವ ಹಕ್ಕು ಕಂಪನಿಯದು, ಮುಚ್ಚದಿದ್ದರೆ ಆಗುವ ನಷ್ಟ ಕೊಂಡವರದು. ಹೊರಗಿನವರೂ ಆ ಚಿಪ್ಪಿನ ತಂತ್ರಾಂಶವನ್ನು ತಿದ್ದಬಲ್ಲರು ಎಂದು ಡಾರ್ಮ್‌ಸ್ಟಾಟ್‌ನ ಸಂಶೋಧಕರು ಮಾಡಿ ತೋರಿಸಿದ್ದಾರೆ. ‘ಅದೆಲ್ಲ ಸಾಧ್ಯವಿಲ್ಲದ ಮಾತು’ ಎನ್ನುವಂತಿಲ್ಲ. ಮನಸ್ಸಿಲ್ಲ ಎನ್ನಬೇಕು.

ಮನಸ್ಸು ಬಂದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ, ಅದೂ ಬ್ರಾಡ್‌ಕಾಮ್ ಚಿಪ್ಪಿನ ಸಾಧನದ್ದೇ. 2002ರ ಡಿಸೆಂಬರಿನಲ್ಲಿ ಲಿಂಕ್‌ಸಿಸ್ ಕಂಪನಿ ಡಬ್ಲ್ಯೂಆರ್‌ಟಿ 54ಜಿ ಎಂಬ ನೀಲಿ ಕಪ್ಪು ಬಣ್ಣದ ರೌಟರನ್ನು ತಂದಿತು. ಅದರೊಳಗೆ ಲಿನಕ್ಸ್ ಇದೆಯೆಂದು ಪ್ರೋಗ್ರಾಮರುಗಳು ಪತ್ತೆಹಚ್ಚಿದರು. ಲಿನಕ್ಸ್‌ನ ಪರವಾನಗಿಯ ಪ್ರಕಾರ ಮೂಲ ಬರಹವನ್ನು ಕೊಡಲೇಬೇಕು. ಒತ್ತಾಯ ಹೆಚ್ಚಿದ ಮೇಲೆ 2003ರಲ್ಲಿ ಕೊಟ್ಟರು. ಅದರಿಂದ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಎಂಬ ಮುಕ್ತ ರೌಟರ್ ತಂತ್ರಾಂಶ ಹುಟ್ಟಿತು. ಇವತ್ತು ಕಂಪನಿಗಳು ಕೈಬಿಟ್ಟ ನೂರಾರು ಮಾದರಿಯ ರೌಟರುಗಳು ಅದರ ಬಲದಿಂದ ಹೊಸ ಸುರಕ್ಷತಾ ಅಪ್‌ಡೇಟ್ ಪಡೆಯುತ್ತಿವೆ. 2016ರಲ್ಲಿ ಅಮೆರಿಕದ ಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ನಿಯಮ ಮೀರಿದ ಶಕ್ತಿಯಲ್ಲಿ ಕೆಲಸ ಮಾಡಬಲ್ಲ ರೌಟರುಗಳಿಗಾಗಿ ಟಿಪಿ-ಲಿಂಕ್ ಕಂಪನಿಯಿಂದ ಎರಡು ಲಕ್ಷ ಡಾಲರ್ ಕಟ್ಟಿಸಿಕೊಂಡಿತು, ಆದರೆ ಅದೇ ಒಪ್ಪಂದದಲ್ಲಿ ಹೊರಗಿನವರ ಫರ್ಮ್‌ವೇರಿಗೂ ದಾರಿ ಮಾಡಿಕೊಡಲು ಒಪ್ಪಿಸಿತು. ರೇಡಿಯೊ ನಿಯಮವನ್ನೂ ಕಾಯಬಹುದು, ಮಾಲೀಕನ ಹಕ್ಕನ್ನೂ ಕಾಯಬಹುದು ಎಂಬುದು ಅಲ್ಲಿಗೆ ತೀರ್ಮಾನವಾಯಿತು ಎಂದು ನಾನು ಭಾವಿಸುತ್ತೇನೆ.

ಈ ಮಾತು ಕರ್ನಾಟಕಕ್ಕೆ ದೂರದ್ದಲ್ಲ. ಬ್ರಾಡ್‌ಕಾಮ್‌ನ ದೊಡ್ಡ ಸಂಶೋಧನಾ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಅದೇ ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್, ರೇಡಿಯೊದ ಕೆಲಸವನ್ನೆಲ್ಲ ತಂತ್ರಾಂಶದಲ್ಲೇ ಮಾಡುವ ‘ಪೃಥ್ವಿ’ ಚಿಪ್ಪುಗಳನ್ನು ರೂಪಿಸಿತು. ಅಲ್ಲಿಯದೇ ಸಿಗ್ನಲ್‌ಚಿಪ್ ಕಂಪನಿ 2019ರ ಫೆಬ್ರುವರಿಯಲ್ಲಿ 4ಜಿ, 5ಜಿ ಮೋಡೆಮ್ ಚಿಪ್ಪುಗಳನ್ನು ಹೊರತಂದಾಗ ಆ ಯೋಜನೆಗೆ ಇಟ್ಟಿದ್ದ ಹೆಸರು ‘ಆಗುಂಬೆ’. ರೇಡಿಯೊ ಚಿಪ್ಪಿನ ಒಳಗನ್ನು ಬಲ್ಲ ಎಂಜಿನಿಯರುಗಳು ನಮ್ಮಲ್ಲೇ ಇದ್ದಾರೆ. ನಮ್ಮ ಊರಿನ ಮಕ್ಕಳೂ ಅವರಲ್ಲಿದ್ದಾರೆ. ಹಳೆಯ ಫೋನಿಗೆ ಬೇಕಾದ ಒಂದು ತಿದ್ದುಪಡಿ ಬರೆಯುವುದು ಇಂಥವರಿಗೆ ಕಷ್ಟವಲ್ಲ. ಅವರ ಕೈ ಕಟ್ಟಿರುವುದು ಮೂಲ ಬರಹ ಸಿಗದಿರುವುದು ಮತ್ತು ಫೋನನ್ನು ಶುರುಮಾಡುವ, ಬೀಗ ತೆಗೆಯಲಾಗದ ಬೂಟ್‌ಲೋಡರ್.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಬಗ್ಗೆ ನಿಧಿ ಖರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು, ಆ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಫೋನು ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳ ಮೇಲೆ ದುರಸ್ತಿ ಸೂಚ್ಯಂಕ ಅಚ್ಚಾಗಬೇಕೆಂದು ಭರತ್ ಖೇರಾ ನೇತೃತ್ವದ ಮತ್ತೊಂದು ಸಮಿತಿ 2025ರ ಮೇನಲ್ಲಿ ವರದಿ ಕೊಟ್ಟಿದೆ. ಬಿಡಿಭಾಗ ಸಿಗುತ್ತದೆಯೇ, ಬೆಲೆ ಎಷ್ಟು, ಬಿಚ್ಚುವುದು ಎಷ್ಟು ಸುಲಭ ಎಂಬುವುಗಳ ಜತೆ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಆ ಸೂಚ್ಯಂಕದ ಅಳತೆಗಳಲ್ಲಿ ಒಂದು. ಯುರೋಪಿನಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕೆನ್ನುತ್ತದೆ.

ನಮ್ಮ ಸೂಚ್ಯಂಕ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಆಂಡ್ರಾಯ್ಡ್ ಅಪ್‌ಡೇಟ್ ಎಷ್ಟು ವರ್ಷ ಎಂದು ಕೇಳಿದರೆ ಸಾಲದು, ವೈ-ಫೈ, ಬ್ಲೂಟೂತ್, ಮೋಡೆಮ್ ಚಿಪ್ಪುಗಳ ಫರ್ಮ್‌ವೇರಿಗೆ ಎಷ್ಟು ವರ್ಷ ಎಂದೂ ಕೇಳಬೇಕು. ಕಂಪನಿ ಅಪ್‌ಡೇಟ್ ನಿಲ್ಲಿಸುವ ದಿನವೇ ಬೂಟ್‌ಲೋಡರಿನ ಬೀಗ ತೆಗೆಯುವ ದಾರಿಯನ್ನು ಮಾಲೀಕನಿಗೆ ಕೊಡಬೇಕು, ಫರ್ಮ್‌ವೇರ್ ತಿದ್ದಲು ಬೇಕಾದ ದಾಖಲೆಗಳನ್ನು ಬಿಡುಗಡೆ ಮಾಡಬೇಕು. ಹೊಸ ಫೋನು ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಅಂಗಡಿಯಲ್ಲೇ ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಎಂದೂ ಕೇಳಲಿ. ಈಗ ಕೈಯಲ್ಲಿರುವ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ತೆರೆದು, ಸೆಕ್ಯುರಿಟಿ ಅಪ್‌ಡೇಟ್ ಎಂಬ ಸಾಲಿನ ಮುಂದಿರುವ ತಾರೀಖನ್ನು ಒಮ್ಮೆ ಓದಿ. ಅದು ಒಂದು ವರ್ಷಕ್ಕಿಂತ ಹಳೆಯದಾಗಿದ್ದರೆ, ಆ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡಬೇಡಿ, ಪರವೂರಿನ ವೈ-ಫೈಗಂತೂ ಅದನ್ನು ಸೇರಿಸಲೇಬೇಡಿ.